ಭುಜದ ನೋವಿಗೆ ವಿದ್ಯುತ್ ಚಿಕಿತ್ಸೆ: ಪರೀಕ್ಷೆಯ ಬಗೆ

ಕರಿಹಲಗೆಯ ಮೇಲೆ ಮೂವತ್ತು ವರ್ಷ ಬಲಗೈಯೆತ್ತಿ ಬರೆದ ಉಪಾಧ್ಯಾಯರಿಗೆ ಭುಜದ ನೋವೆಂದರೇನೆಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದೋಟಿ ಹಿಡಿದು ಕಾಯಿ ಕೀಳುವವರೂ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಹೊರೆ ಹೊರುವವರೂ, ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಪೆಟ್ಟಿಗೆಗಳನ್ನು ಎತ್ತಿಳಿಸುವವರೂ ಅದನ್ನು ಬಲ್ಲರು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲೀನವೆನ್ನುತ್ತಾರೆ. ಇಂತಹ ನೋವಿಗೆ ನರಗಳನ್ನು ಅಲ್ಪ ವಿದ್ಯುತ್ತಿನಿಂದ ಪ್ರಚೋದಿಸುವ ಯಂತ್ರಗಳು ಇಂದು ಸುಲಭವಾಗಿ ದೊರೆಯುತ್ತಿವೆ. ಅವುಗಳಿಂದ ನಿಜವಾಗಿ ಗುಣವುಂಟೇ ಎಂದು ನಿರ್ಣಯಿಸುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಕಲ್ಪನೆ ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ವಿದ್ಯುತ್ ಮೀನಿನ ಆಘಾತವನ್ನು ವಿಧಿಸಿದ್ದನು. ಶಾಸ್ತ್ರೀಯ ವಿವರಣೆ ದೊರೆತುದು ಮಾತ್ರ 1965ರಲ್ಲಿ. ನೋವಿನ ಸಂದೇಶವು ಮಿದುಳಿಗೆ ಏರುವ ಮುನ್ನ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ ಆ ಬಾಗಿಲು ಕಿರಿದಾಗುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಸೂಚಿಸಿದರು. ಮೊಣಕೈ ತಗುಲಿದೊಡನೆ ನಾವು ಅಲ್ಲಿ ಉಜ್ಜಿಕೊಳ್ಳುವುದಿಲ್ಲವೇ? ಚರ್ಮದ ಮೇಲೆ ಪಟ್ಟಿಗಳನ್ನು ಅಂಟಿಸಿ ವಿದ್ಯುತ್ ಹಾಯಿಸುವುದು ಒಂದು ವಿಧಾನ. ಕೂದಲಿನಷ್ಟು ಸಣ್ಣ ತಂತಿಯನ್ನು ನರದ ಸಮೀಪಕ್ಕೆ ಇಳಿಸುವುದು ಇನ್ನೊಂದು.

ಇನ್ನು ಪರೀಕ್ಷೆಯ ವಿಷಯ. ತೊಡಕಿರುವುದು ಇಲ್ಲಿಯೇ. ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುವ, ಭುಜ ಬಿಗಿದುಕೊಳ್ಳುವ ಬೇನೆಯು ಅನೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಸಡಿಲುತ್ತದೆ. ಆ ಅವಧಿಯಲ್ಲಿ ಯಂತ್ರ ಬಳಸಿದವರು ಯಂತ್ರವನ್ನು ಹೊಗಳಿದರೆ ಆಶ್ಚರ್ಯವಿಲ್ಲ. ನೋವು ಅತಿಯಾದಾಗಲೇ ಚಿಕಿತ್ಸೆಗೆ ಹೋಗುವುದರಿಂದ, ಅನಂತರ ಅದು ಇಳಿಯುವುದೂ ಸಹಜ. ಆದುದರಿಂದ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಪ್ರಚೋದನೆಯನ್ನೂ ಮತ್ತೊಂದಕ್ಕೆ ವಿದ್ಯುತ್ ಹರಿಸದ ಹುಸಿ ಯಂತ್ರವನ್ನೂ ಕೊಟ್ಟು ಹೋಲಿಸಬೇಕು. ನಿಜವಾದ ಯಂತ್ರ ಚರ್ಮವನ್ನು ಜುಮುಗುಟ್ಟಿಸುವುದರಿಂದ ಗುಟ್ಟು ಕಾಯುವುದು ಸುಲಭವಲ್ಲ.

1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ, ಭುಜಕ್ಕಲ್ಲದೆ ಸೊಂಟದ ನೋವಿಗೆ ಸಂಬಂಧಿಸಿದ್ದರೂ, ಸ್ಮರಣೀಯವಾಗಿದೆ. ಅದರಲ್ಲಿದ್ದವರು 145 ಮಂದಿ. ಒಂದು ತಿಂಗಳ ಬಳಿಕ ನಿಜ ಯಂತ್ರದವರ ನೋವಿನಲ್ಲಿ ಶೇಕಡಾ 47ರಷ್ಟು, ಹುಸಿ ಯಂತ್ರದವರಲ್ಲಿ ಶೇಕಡಾ 42ರಷ್ಟು ಸುಧಾರಣೆ ಕಂಡಿತು. ಈ ಅಂತರವು ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಗಣ್ಯವಲ್ಲ. ಹುಸಿ ಗುಂಪು ಇಲ್ಲದಿದ್ದರೆ 47ನ್ನು ಕಂಡು ಎಲ್ಲರೂ ಹಿಗ್ಗುತ್ತಿದ್ದರು! ಅದೇ ಪ್ರಯೋಗದಲ್ಲಿ ವ್ಯಾಯಾಮದಿಂದ ಲಾಭವಾಯಿತು, ಆದರೆ ಹೆಚ್ಚಿನವರು ವ್ಯಾಯಾಮ ಬಿಟ್ಟರು, ಲಾಭವೂ ಅವರನ್ನು ಬಿಟ್ಟಿತು.

ಭುಜದ ಸ್ನಾಯುರಜ್ಜುಗಳ ಬೇನೆಗೆ ಸಂಬಂಧಿಸಿದ ಪ್ರಯೋಗಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಾಗಿ ಪರಿಶೀಲಿಸಿದಾಗಲೂ, ಚರ್ಮದ ಮೇಲಿನ ಪ್ರಚೋದನೆ ಹುಸಿಗಿಂತ ಮೇಲೆನ್ನಲು ದೃಢ ಆಧಾರ ದೊರೆಯಲಿಲ್ಲ. ಪಾರ್ಶ್ವವಾಯುವಿನ ಅನಂತರ ಭುಜ ನೋಯುವವರ ವಿಷಯ ಸ್ವಲ್ಪ ಬೇರೆ. 2014ರ ಒಂದು ಪ್ರಯೋಗದಲ್ಲಿ ಮೂರು ವಾರ ತಂತಿಯ ಮೂಲಕ ಪ್ರಚೋದನೆ ಪಡೆದವರಿಗೆ, ಭೌತಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಉಪಶಮನ ದೊರೆಯಿತು. ಆದರೆ ಇದ್ದವರು 25 ಮಂದಿ ಮಾತ್ರ, ಹುಸಿ ತಂತಿಯ ಗುಂಪೂ ಇರಲಿಲ್ಲ. ಭರವಸೆಯುಂಟು, ನಿರ್ಣಯವಿಲ್ಲ ಎಂದೇ ನನ್ನ ಅಭಿಪ್ರಾಯ.

ಆರೋಗ್ಯ ಶಿಬಿರಗಳಿಗೆ ಇಂತಹ ಯಂತ್ರ ದಾನ ಮಾಡಬಯಸುವ ಮಹನೀಯರು, ಹುಸಿ ಯಂತ್ರದೊಡನೆ ಹೋಲಿಸಿದ ಫಲವೇನೆಂದು ಮಾರುವವರನ್ನು ಮೊದಲು ಕೇಳುವುದು ಒಳ್ಳೆಯದು. ನಮ್ಮ ದೇಶದಲ್ಲಿ 2007ರಲ್ಲಿ ವೈದ್ಯಕೀಯ ಪ್ರಯೋಗಗಳ ನೋಂದಣಿ ವ್ಯವಸ್ಥೆ ಆರಂಭವಾಗಿದ್ದು, ಅದರ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಕೋಲಾರದ ಟಮಕದಲ್ಲಿ 1986ರಿಂದ ವೈದ್ಯಕೀಯ ಕಾಲೇಜು ಇರುವುದರಿಂದ, ಮುಳಬಾಗಿಲಿನವರೂ ಶ್ರೀನಿವಾಸಪುರದವರೂ ಯಂತ್ರ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ನೋವಿನ ಮೂಲವನ್ನು ತಿಳಿದುಕೊಳ್ಳಬಹುದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರನ್ನು ಕೇಳದೆ ಈ ಯಂತ್ರಗಳನ್ನು ಬಳಸಕೂಡದು. ಬೆವರು, ಏದುಸಿರಿನೊಡನೆ ಹಠಾತ್ತನೆ ಎಡಭುಜ ನೋಯತೊಡಗಿದರೆ ಅದು ಹೃದಯದ ನೋವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.