ಗಂಡಸಿಯ ಬದನೆಕಾಯಿ, ಇಟಲಿಯ ಪಾರ್ಮಿಜಾನಾ: ಹಾಲು ಬಿಟ್ಟ ಅಡುಗೆಯ ರಾಜಕಾರಣ

“ಹಾಲೂ ಮುಟ್ಟಲ್ವಾ? ಮೊಸರು? ತುಪ್ಪ? ಹಂಗಾದ್ರೆ ನಾನೇನ್ ಬಡಿಸ್ಲಿ ಆ ಮಗೀಗೆ?”

ಅವ್ವ ಹೀಗೆ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಬೆಂಗಳೂರಿನ ಗೆಳತಿಯೊಬ್ಬಳು ಮೂರು ದಿನಕ್ಕೆ ನಮ್ಮೂರಿಗೆ ಬರೋಳಿದ್ದಳು. ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ಇಳಿದು ನಮ್ಮನೆಗೆ ಬರುವ ಯಾವ ನೆಂಟರಿಗಾದರೂ ಕೋಳಿಸಾರು, ಮುದ್ದೆ ಮಾಡೋದು ವಾಡಿಕೆ. ಮಾಂಸ ತಿನ್ನದವರು ಬಂದರೆ ಹಾಲು, ಮೊಸರು, ಮಜ್ಜಿಗೆ ಹುಳಿ ಇದ್ದೇ ಇದೆ. ಇವಳು ವೀಗನ್. ಎರಡೂ ಇಲ್ಲ. ಅವ್ವನ ಆತಂಕಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆ ನಡೆಯೋದು ತೆಂಗಿನ ತೋಟ ಮತ್ತು ಎರಡು ಸೀಮೆ ಹಸುಗಳ ಮೇಲೆ. ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕಿದರೆ ವಾರಕ್ಕೊಮ್ಮೆ ಕೈಗೆ ಕಾಸು. “ಎಲ್ರೂ ಅವಳಂಗೇ ಆದ್ರೆ ನಾವು ಬದುಕೋದು ಹೆಂಗೆ?” ಅನ್ನೋದು ಅವ್ವನ ಎರಡನೇ ಪ್ರಶ್ನೆ. ಇದು ಮೊದಲನೆಯದಕ್ಕಿಂತ ಕಷ್ಟದ್ದು.

ಮೊದಲ ಪ್ರಶ್ನೆಗೆ ಗೆಳತಿಯೇ ಉತ್ತರ ಕೊಟ್ಟಳು. ಅವಳಿಗೆ ಇಷ್ಟದ ಅಡುಗೆ ಪಾರ್ಮಿಜಾನಾ. ಇಟಲಿಯ ದಕ್ಷಿಣ ಭಾಗದಲ್ಲಿ ಮನೆಮನೆಯಲ್ಲೂ ಮಾಡುವ ಊಟ ಅದು. ಹುರಿದ ಬದನೆಕಾಯಿ ಬಿಲ್ಲೆ, ಟೊಮ್ಯಾಟೊ ಗೊಜ್ಜು, ತುಳಸಿ ಜಾತಿಯ ಎಲೆ, ಚೀಸ್ ಇವನ್ನು ಪದರ ಪದರವಾಗಿ ಜೋಡಿಸಿ ಬೇಯಿಸೋದು. ಚೀಸ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ಹಿತ್ತಲಲ್ಲಿ, ಇಲ್ಲ ಸಂತೆಯಲ್ಲಿ ಸಿಗುತ್ತೆ ಅಂತ ಆಗ ಹೊಳೆಯಿತು.

ಯಾವುದು ಯಾರದು ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಬದನೆ ನಮ್ಮ ಕಡೆಯ ಬೆಳೆ. ಭಾರತದಿಂದ ಪರ್ಷಿಯಾಕ್ಕೆ, ಅರಬ್ಬರ ಜೊತೆ ಮೆಡಿಟರೇನಿಯನ್ ತೀರಕ್ಕೆ ಹೋಗಿದ್ದು. ಇಟಲಿಯವರು ಮೊದಮೊದಲು ಇದನ್ನು ಅನುಮಾನದಿಂದಲೇ ನೋಡಿದರು. ಅವರ ‘ಮೆಲಂಜಾನಾ’ ಎಂಬ ಹೆಸರನ್ನು ‘ಹುಚ್ಚು ಸೇಬು’ ಅಂತ ಒಡೆದು ಹೇಳುವ ರೂಢಿಯೂ ಇದೆ. ಟೊಮ್ಯಾಟೊ ಅಮೆರಿಕ ಖಂಡದ್ದು, ಸ್ಪೇನಿನವರ ಹಡಗಿನಲ್ಲಿ ಬಂತು. ಅಂದರೆ ಇಟಲಿಯ ಈ ‘ಸಾಂಪ್ರದಾಯಿಕ’ ಅಡುಗೆಯ ಎರಡು ಮುಖ್ಯ ತರಕಾರಿಗಳೂ ವಲಸಿಗರು. ಪಾರ್ಮಾ ವಿಶ್ವವಿದ್ಯಾಲಯದ ಇತಿಹಾಸಕಾರ ಅಲ್ಬೆರ್ಟೊ ಗ್ರಾಂಡಿ, ಪ್ರಾಚೀನ ಅಂತ ಹೇಳಿಕೊಳ್ಳುವ ಇಟಲಿ ಅಡುಗೆಯಲ್ಲಿ ಬಹುಪಾಲು ಇತ್ತೀಚಿನದು ಅಂತ ಬರೆದು ಸ್ವಂತ ದೇಶದವರ ಸಿಟ್ಟಿಗೆ ಗುರಿಯಾದವರು. ‘ನಮ್ಮ ಸಂಸ್ಕೃತಿಯ ಆಹಾರ’ ಅಂತ ಕೂಗಾಡುವವರು ಎಲ್ಲ ದೇಶದಲ್ಲೂ ಇದ್ದಾರೆ ಬಿಡಿ.

ಬದನೆ ವಿಷಯದಲ್ಲಿ ನಮ್ಮದೂ ಒಂದು ಹೋರಾಟವಿದೆ. ಬಿಟಿ ಬದನೆಯನ್ನು ಹೊಲಕ್ಕೆ ಬಿಡುವ ಮುನ್ನ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಉಡುಪಿಯ ಮಟ್ಟುಗುಳ್ಳದಂಥ ಸ್ಥಳೀಯ ತಳಿಗಳನ್ನು ಅನುಮತಿ ಇಲ್ಲದೆ ಬಳಸಿಕೊಂಡರು ಎಂಬ ದೂರೂ ಆಮೇಲೆ ಕರ್ನಾಟಕದಿಂದಲೇ ಎದ್ದಿತು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸಂತೆಯಲ್ಲಿ ನಾಟಿ ಬದನೆ ಆರಿಸುವಾಗ ಇದು ನೆನಪಿದ್ದರೆ ಒಳ್ಳೇದು.

ಈಗ ಚೀಸ್ ಸಮಸ್ಯೆ. ಬೆಂಗಳೂರಿನ ಅಂಗಡಿಗಳಲ್ಲಿ ವೀಗನ್ ಚೀಸ್ ಸಿಗುತ್ತೆ. ಸಣ್ಣ ಡಬ್ಬಿಗೆ ನೂರಾರು ರೂಪಾಯಿ. ಅರಸೀಕೆರೆಯಲ್ಲಿ ನಾನು ಹುಡುಕಿದ ಅಂಗಡಿಗಳಲ್ಲಿ ಇರಲಿಲ್ಲ, ಇದ್ದಿದ್ದರೂ ಕೊಳ್ಳುವ ಮನಸ್ಸು ಇರಲಿಲ್ಲ. ಹಾಗಾಗಿ ಚೀಸ್ ಅಲ್ಲಿ ಏನು ಕೆಲಸ ಮಾಡುತ್ತೆ ಅಂತ ಮೊದಲು ತಿಳಿದುಕೊಂಡೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಬಲೆಯ ಹಾಗೆ ಹೆಣೆದುಕೊಂಡು ಕೊಬ್ಬನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಬಿಸಿಗೆ ಆ ಬಲೆ ಸಡಿಲವಾದಾಗ ಚೀಸ್ ಕರಗಿ ನೂಲಿನಂತೆ ಎಳೆಯುತ್ತೆ. ಗಿಡದಲ್ಲಿ ಕೇಸಿನ್ ಇಲ್ಲ. ಆ ನೂಲು ಬರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಉಳಿದ ಮೂರು ಕೆಲಸ, ಅಂದರೆ ಕೊಬ್ಬಿನ ನುಣುಪು, ಅಂಟಿನಂಥ ಗಟ್ಟಿತನ, ನಾಲಗೆ ಮೇಲೆ ಉಳಿಯುವ ಉಪ್ಪುಪ್ಪಾದ ಆಳದ ರುಚಿ, ಇವು ಬೇರೆ ಕಡೆಯಿಂದ ಬರಬಹುದು.

ನುಣುಪಿಗೆ ಕಾಯಿಹಾಲು. ಅಂಟಿಗೆ ಆಲೂಗೆಡ್ಡೆ. ನಮ್ಮದು ಹಾಸನ ಜಿಲ್ಲೆ, ಅಂಗಮಾರಿ ರೋಗ ಎಷ್ಟೇ ಕಾಡಿದರೂ ಆಲೂಗೆಡ್ಡೆಗೇನು ಬರವಿಲ್ಲ. ಬೇಯಿಸಿದ ಆಲೂವನ್ನು ಮಿಕ್ಸಿಗೆ ಹಾಕಿ ಜಾಸ್ತಿ ತಿರುಗಿಸಿದರೆ ಅಂಟಂಟಾಗುತ್ತಲ್ಲ, ಪಲ್ಯಕ್ಕೆ ಅದು ದೋಷ, ಇಲ್ಲಿ ಅದೇ ಬೇಕು. ಪಾರ್ಮೆಜಾನ್ ಚೀಸಿನ ಜಾಗಕ್ಕೆ ಅವ್ವ ಸೂಚಿಸಿದ್ದು ಹುಚ್ಚೆಳ್ಳು. ಹುರಿದ ಹುಚ್ಚೆಳ್ಳಿನ ಜೊತೆ ಕೊಬ್ಬರಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿದ ಪುಡಿ. ನಾವು ರೊಟ್ಟಿಗೆ ಹಚ್ಚಿಕೊಳ್ಳೋದೇ. ಇದರ ಮುಂದೆ ಆ ಚೀಸ್ ಏನೂ ಅಲ್ಲ ಅಂತ ನಾನು ಪಕ್ಷಪಾತದಿಂದಲೇ ಹೇಳ್ತೀನಿ. ಇನ್ನು ಎಲೆ. ಇಟಲಿಯವರ ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ, ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು. ನಮ್ಮದರ ವಾಸನೆ ಸ್ವಲ್ಪ ಖಾರ, ಆದ್ದರಿಂದ ಎಲೆ ಕಮ್ಮಿ ಹಾಕಿ.

ನಾಲ್ಕೈದು ಜನಕ್ಕೆ ಒಂದು ಕೆಜಿ ದಪ್ಪ ಗುಂಡು ಬದನೆ ಸಾಕು. ಬೆರಳು ದಪ್ಪಕ್ಕಿಂತ ತೆಳ್ಳಗೆ ಬಿಲ್ಲೆ ಮಾಡಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಒತ್ತಿ. ಕಹಿ ಹೋಗಲಿ ಅಂತ ಇದನ್ನು ಮಾಡ್ತಾರೆ ಅಂದುಕೊಂಡಿದ್ದೆ. ಅದಕ್ಕಿಂತ ಮುಖ್ಯ ಕಾರಣ ಎಣ್ಣೆ. ಬದನೆಯ ಒಳಗೆ ಸ್ಪಂಜಿನ ಹಾಗೆ ಗಾಳಿ ತುಂಬಿರುತ್ತೆ. ಉಪ್ಪು ನೀರನ್ನು ಎಳೆದಾಗ ಆ ಗೂಡುಗಳು ಕುಸಿದು, ಆಮೇಲೆ ಎಣ್ಣೆ ಕುಡಿಯೋದು ಕಮ್ಮಿಯಾಗುತ್ತೆ. ಅಕ್ಕಿಹಿಟ್ಟಿಗೆ ಒಂದಿಷ್ಟು ರಾಗಿಹಿಟ್ಟು ಬೆರೆಸಿ ಬಿಲ್ಲೆಗಳಿಗೆ ಸವರಿ, ಕಡ್ಲೆಕಾಯಿ ಎಣ್ಣೆ ಬಿಟ್ಟು ಕಾವಲಿ ಮೇಲೆ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ.

ಗೊಜ್ಜಿಗೆ ಒಂದು ಕೆಜಿ ಹುಳಿ ಟೊಮ್ಯಾಟೊ, ಒಂದು ಗೆಡ್ಡೆ ಬೆಳ್ಳುಳ್ಳಿ, ಎಣ್ಣೆ, ಉಪ್ಪು. ಅಷ್ಟೇ. ಸಾಸಿವೆ, ಕರಿಬೇವು, ಖಾರದಪುಡಿ ಹಾಕಲು ಅವ್ವನ ಕೈ ಮೂರು ಸಲ ಹೋಯಿತು, ಮೂರು ಸಲವೂ ತಡೆದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದ್ದು ಅರ್ಧಕ್ಕೆ ಇಳಿಯಬೇಕು. ಇಲ್ಲಿ ಅವಸರ ಮಾಡಿದರೆ ಪದರಗಳೆಲ್ಲ ನೀರಲ್ಲಿ ತೇಲುತ್ತವೆ.

ಬಿಳಿ ಪದರದಲ್ಲಿ ನಾನು ಎಡವಿದ್ದು. ಮೊದಲ ಸಲ ಕಾಯಿಹಾಲನ್ನು ಕೊತಕೊತ ಕುದಿಸಿದೆ, ಒಡೆದು ಎಣ್ಣೆ ಬೇರೆ, ನೀರು ಬೇರೆ ಆಯಿತು. ಕಾಯಿಹಾಲಲ್ಲಿ ಕೊಬ್ಬಿನ ಹನಿಗಳನ್ನು ತೆಳುವಾದ ಪ್ರೋಟೀನು ಪದರ ಹಿಡಿದಿಟ್ಟಿರುತ್ತೆ. ಜೋರು ಬಿಸಿಗೆ ಅದು ಮುದುರಿಕೊಳ್ಳುತ್ತೆ, ಹನಿಗಳು ಒಂದಕ್ಕೊಂದು ಸೇರಿಬಿಡ್ತವೆ. ಎರಡನೇ ಸಲ ಎರಡು ಚಮಚ ಅಕ್ಕಿಹಿಟ್ಟನ್ನು ತಣ್ಣನೆ ಕಾಯಿಹಾಲಲ್ಲೇ ಕಲಸಿಕೊಂಡೆ. ಒಂದು ತೆಂಗಿನಕಾಯಿಯ ಗಟ್ಟಿ ಹಾಲು, ಎರಡು ಬೇಯಿಸಿದ ಆಲೂಗೆಡ್ಡೆ, ನೆನೆಸಿದ ಒಂದು ಹಿಡಿ ಕಡ್ಲೆಬೀಜ, ಉಪ್ಪು ಎಲ್ಲ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದೆ. ದೋಸೆಹಿಟ್ಟಿಗಿಂತ ಗಟ್ಟಿಯಾದ ಮೇಲೆ ಇಳಿಸಿ ಅರ್ಧ ನಿಂಬೆಹಣ್ಣು ಹಿಂಡಿದೆ.

ಆಮೇಲೆ ಜೋಡಣೆ. ದಪ್ಪ ತಳದ ಪಾತ್ರೆಗೆ ಗೊಜ್ಜು, ಬದನೆ, ಬಿಳಿ, ಎರಡು ಎಲೆ, ಹುಚ್ಚೆಳ್ಳು ಪುಡಿ. ಹೀಗೆ ಮೂರು ಸಲ. ನಮ್ಮನೇಲಿ ಓವನ್ ಇಲ್ಲ. ಒಲೆಯಲ್ಲಿ ತೆಂಗಿನ ಚಿಪ್ಪು ಉರಿಸಿ ಕೆಂಡ ಮಾಡಿ, ಪಾತ್ರೆಯ ಕೆಳಗೆ ಕಮ್ಮಿ, ತಟ್ಟೆ ಮುಚ್ಚಿ ಮೇಲೆ ಜಾಸ್ತಿ ಹಾಕಿ 25 ನಿಮಿಷ ಬಿಟ್ಟೆವು. ಓವನ್ ಇದ್ದವರು 200 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಇಳಿಸಿದ ಮೇಲೆ 20 ನಿಮಿಷ ಮುಟ್ಟಬೇಡಿ. ಆರಿದರೇನೇ ಗಟ್ಟಿಯಾಗಿ ತುಂಡು ಬರುತ್ತೆ.

ಇನ್ನು ಅವ್ವನ ಎರಡನೇ ಪ್ರಶ್ನೆ.

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತವರ ಗೆಳೆಯರು ಹಾಲು, ಮೊಟ್ಟೆಯನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಬೇರೆ ಹೆಸರು ಬೇಕು ಅಂದಾಗ. ನಮ್ಮಲ್ಲಿ ಅದನ್ನು ‘ಸಸ್ಯಾಹಾರದ ಇನ್ನೊಂದು ಮೆಟ್ಟಿಲು’ ಅಂತ ತಿಳಿಯೋರೇ ಹೆಚ್ಚು. ನನಗೆ ಹಾಗನಿಸಲ್ಲ. ನಮ್ಮ ಜಾತಿ ವ್ಯವಸ್ಥೆಯ ಸಸ್ಯಾಹಾರ ಹಾಲು ತುಪ್ಪದ ಮೇಲೇ ನಿಂತಿದೆ, ಮಾಂಸ ಅಶುದ್ಧ, ಹಾಲು ಪವಿತ್ರ. ವೀಗನ್ ವಾದ ಸರಿಯಾಗಿ ಓದಿದರೆ ಅದು ಆ ಪವಿತ್ರಕ್ಕೇ ಕೈ ಹಾಕುತ್ತೆ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟಿದ್ದರಲ್ಲಿ ಅರ್ಧ ಗಂಡು. ಆ ಗಂಡು ಕರು ಎಲ್ಲಿಗೆ ಹೋಗುತ್ತೆ?

ಈ ಪ್ರಶ್ನೆಯನ್ನು ಗೆಳತಿ ನಮ್ಮ ಜಗಲಿ ಮೇಲೆ ಕೂತು ಕೇಳಿದಳು. ಅವ್ವ ಕೋಪ ಮಾಡಿಕೊಳ್ತಾಳೆ ಅಂತ ನಾನು ಹೆದರಿದ್ದೆ. ಅವ್ವ ಸುಮ್ಮನೆ ಕೇಳಿಸಿಕೊಂಡು, “ಅದೇ ಕಣವ್ವ ನಮ್ಗೂ ಕಷ್ಟ” ಅಂದಳು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆ ಹಸುವಿನ ಹೋರಿಕರುವಿಗೆ ಕೆಲಸವಿಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ, 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದೆಲ್ಲದರ ಹತ್ಯೆ ನಿಷೇಧಿಸಿದೆ. ಗೊಡ್ಡು ಹಸುವನ್ನೂ ಗಂಡು ಕರುವನ್ನೂ ಮಾರುವ ದಾರಿ ಮುಚ್ಚಿತು, ಸಾಕುವ ಖರ್ಚು ಮಾತ್ರ ರೈತರ ತಲೆ ಮೇಲೆ. ಗೋವನ್ನು ಪೂಜಿಸುವ ಸರ್ಕಾರದ ಕಾನೂನಿನಿಂದ ತೊಂದರೆಗೆ ಬಿದ್ದವರು ಗೋವು ಸಾಕುವವರೇ. ಜಗಲಿ ಮೇಲೆ ಕೂತ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕರುವಿನ ಮುಂದೆ ನಿಂತಿದ್ದರು. ಪರಿಹಾರ ಮಾತ್ರ ಒಂದೇ ಇರಲಿಲ್ಲ.

‘ಹಾಲು ಬಿಡಿ’ ಅಂತ ಸುಲಭವಾಗಿ ಹೇಳುವವರು ಲೆಕ್ಕವನ್ನೂ ನೋಡಬೇಕು. ನಮ್ಮ ತೋಟದ ಕೊಬ್ಬರಿ ಬೆಲೆ 2023ರ ಕೊನೆಯಲ್ಲಿ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. 2024ಕ್ಕೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,000 ರೂಪಾಯಿ ಅಂತ ಘೋಷಣೆಯಾದ ಮೇಲೆ ನಾಫೆಡ್ ಕೇಂದ್ರದ ನೋಂದಣಿಗೆ ರೈತರು ಸಾಲುಗಟ್ಟಿದರು. 2025ರ ಮಧ್ಯದಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಆಗ ನುಸಿಪೀಡೆ, ಕಪ್ಪುತಲೆ ಹುಳು ತಿಂದು ಬಿಟ್ಟ ತೋಟಗಳಲ್ಲಿ ಮಾರೋಕೆ ಕಾಯಿಯೇ ಕಮ್ಮಿ. ಇಂಥ ಏರಿಳಿತದ ನಡುವೆ ತಪ್ಪದೆ ಬರುವ ದುಡ್ಡು ಅಂದರೆ ಹಾಲಿನದು, ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ. ಅದನ್ನು ಬಿಡಿ ಅನ್ನುವವರು ಬದಲಿಗೆ ಏನು ಅಂತಲೂ ಹೇಳಬೇಕು.

ಇನ್ನೊಂದು ಅಪಾಯವನ್ನು ನೇರವಾಗಿ ಹೇಳಿಬಿಡ್ತೀನಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ನಾಳೆ ಇದೇ ವಿರೋಧ ವೀಗನ್ ಭಾಷೆಯಲ್ಲಿ ಬರಬಹುದು. ಬೆಂಗಳೂರಿನಲ್ಲಿ ತಟ್ಟೆ ಆರಿಸಿಕೊಳ್ಳುವ ಶಕ್ತಿ ಇರುವವಳ ಆಯ್ಕೆಗೂ, ರಕ್ತಹೀನತೆಯ ಮಗುವಿನ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳೋದಕ್ಕೂ ಅಜಗಜಾಂತರ. ಗೆಳತಿಯೂ ಇದನ್ನೇ ಹೇಳಿದಳು. ಅವಳು ಬಿ12 ಮಾತ್ರೆ ತಗೊಳ್ತಾಳೆ, ಯಾಕೆಂದರೆ ಸಸ್ಯಗಳಿಂದ ಅದು ಸಿಗಲ್ಲ. ನೀವು ಹಾಲು, ಮೊಟ್ಟೆ, ಮಾಂಸ ಮೂರನ್ನೂ ಬಿಡೋದಾದರೆ ಇದನ್ನು ಮರೀಬೇಡಿ.

ಹೆಸರಿನ ಜಗಳವೂ ಒಂದಿದೆ, ಸ್ವಲ್ಪ ತಮಾಷೆಯದು. ಗಿಡದಿಂದ ಮಾಡಿದ್ದನ್ನು ‘ಹಾಲು’, ‘ಚೀಸ್’ ಅಂತ ಮಾರುವಂತಿಲ್ಲ ಅಂತ ಯುರೋಪಿನ ನ್ಯಾಯಾಲಯ 2017ರಲ್ಲಿ ಟೋಫುಟೌನ್ ಎಂಬ ಜರ್ಮನ್ ಕಂಪನಿಯ ಪ್ರಕರಣದಲ್ಲಿ ಹೇಳಿತು. ಆದರೆ ಅಲ್ಲಿನ ನಿಯಮದಲ್ಲಿ ಹಳೇ ರೂಢಿಯ ಕೆಲವು ಹೆಸರುಗಳಿಗೆ ವಿನಾಯಿತಿ ಇದೆ, ತೆಂಗಿನ ಹಾಲೂ ಅದರಲ್ಲಿ ಒಂದು. ಅವ್ವನಿಗೆ ಹೇಳಿದೆ. “ಕಾಯಾಲನ್ನ ಕಾಯಾಲು ಅನ್ದೆ ಇನ್ನೇನಂತಾರೆ?” ಅಂದಳು.

ಊಟಕ್ಕೆ ರಾಗಿರೊಟ್ಟಿ ಜೊತೆ ಬಡಿಸಿದ್ವಿ. ಗೆಳತಿ ಎರಡು ಸಲ ಹಾಕಿಸಿಕೊಂಡಳು. ಅವ್ವ ಒಂದು ತುಂಡು ತಿಂದು, ಹುಚ್ಚೆಳ್ಳು ಇನ್ನೊಂಚೂರು ಬೇಕಿತ್ತು, ಮೆಣಸಿನಕಾಯಿ ಇಲ್ಲದೆ ಇದೆಂಥ ಊಟ ಅಂತ ತಕರಾರು ತೆಗೆದಳು. ಅಷ್ಟರಲ್ಲಿ ಸಂಜೆ ಹಾಲು ಕರೆಯುವ ಹೊತ್ತಾಗಿತ್ತು, ಕ್ಯಾನ್ ತಗೊಂಡು ಕೊಟ್ಟಿಗೆಗೆ ಹೋದಳು. ಉಳಿದದ್ದನ್ನು ಮಾರನೇ ದಿನ ಕಾವಲಿ ಮೇಲೆ ಬಿಸಿ ಮಾಡಿದಾಗ ರುಚಿ ಹೆಚ್ಚಾಗಿತ್ತು. ಆದ್ದರಿಂದ ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ, ಹಸಿಮೆಣಸಿನಕಾಯಿ ನಿಮ್ಮಿಷ್ಟ.