ಬೀಜದ ಪ್ಯಾಕೆಟ್ಟಿನಲ್ಲಿ ಯಾರ ಕೂಲಿ?

ಬಿ.ಟಿ. ಹತ್ತಿಯ ಬಗ್ಗೆ ನಡೆದಷ್ಟು ಜಗಳ ನಮ್ಮ ದೇಶದಲ್ಲಿ ಇನ್ನಾವ ಬೆಳೆಯ ಬಗ್ಗೆಯೂ ನಡೆದಿರಲಾರದು. 2002ರಲ್ಲಿ ಅನುಮತಿ ಸಿಕ್ಕಂದಿನಿಂದ ಕಾಯಿಕೊರಕ, ರಾಯಧನ, ಬೆಲೆ ನಿಯಂತ್ರಣ, ಕುಲಾಂತರಿಯ ಸಾಧಕ ಬಾಧಕ ಎಲ್ಲವೂ ಚರ್ಚೆಯಾದವು. ಆ ಬೀಜ ತಯಾರಾಗುವ ಹೊಲ ಮಾತ್ರ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕರ್ನೂಲು, ಮೆಹಬೂಬ್‌ನಗರ, ಗುಜರಾತಿನ ಬನಾಸಕಾಂಠಾ, ನಮ್ಮ ಹಾವೇರಿ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಅರ್ಧ ಎಕರೆ, ಒಂದು ಎಕರೆಯ ತುಣುಕುಗಳಲ್ಲಿ ಸಂಕರ ಬೀಜ ಬೆಳೆಯುತ್ತಾರೆ. ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಈ ಹೊಲಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಬರೆದ ವರದಿಗಳು 2003ರಿಂದ ಒಂದೊಂದಾಗಿ ಹೊರಬಂದವು. 2015ರ ವರದಿಯ ಅಂದಾಜಿನಂತೆ ದೇಶದ ಹತ್ತಿ ಬೀಜದ ಹೊಲಗಳಲ್ಲಿ 18 ದಾಟದ ಸುಮಾರು 5 ಲಕ್ಷ ಮಕ್ಕಳು ದುಡಿಯುತ್ತಿದ್ದರು. ಅವರಲ್ಲಿ ಸುಮಾರು 2 ಲಕ್ಷ ಮಂದಿಗೆ ಇನ್ನೂ 14 ತುಂಬಿರಲಿಲ್ಲ. ಹೆಚ್ಚಿನವರು ಹೆಣ್ಣುಮಕ್ಕಳು.

ಮಕ್ಕಳೇ ಏಕೆ ಎಂಬುದಕ್ಕೆ ಉತ್ತರ ಹತ್ತಿ ಹೂವಿನಲ್ಲೇ ಇದೆ. ಇದನ್ನು ತುಸು ವಿವರವಾಗಿಯೇ ನೋಡಬೇಕು. ಹತ್ತಿಯದು ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುವ ಹೂವು. ಅದರ ಪಾಡಿಗೆ ಬಿಟ್ಟರೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಸಂಕರ ಬೀಜ ಬೇಕೆಂದರೆ ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನವೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಸೀಳಿ, ಎಸಳಿನೊಂದಿಗೆ ಕೇಸರಗಳನ್ನೂ ಸುಲಿದು ತೆಗೆಯಬೇಕು. ಒಳಗಿನ ಎಳೆಯ ಕಾಯಿಗೆ ಉಗುರು ತಾಗಕೂಡದು, ಕೇಸರದ ಚೂರೂ ಉಳಿಯಕೂಡದು. ಬೆಳಗಾದರೆ ಗಂಡು ಗಿಡದ ಹೂ ಕಿತ್ತು ತಂದು, ಸುಲಿದಿಟ್ಟ ಒಂದೊಂದು ಮೊಗ್ಗಿಗೂ ಪರಾಗ ಸವರಬೇಕು. ರೈತರು ಇದನ್ನು ಸರಳವಾಗಿ ‘ಕ್ರಾಸಿಂಗ್’ ಎನ್ನುತ್ತಾರೆ. ದಿನವೂ ಹೊಸ ಮೊಗ್ಗು, ದಿನವೂ ಅದೇ ಕೆಲಸ, ಎರಡು ಮೂರು ತಿಂಗಳು ಬಿಡುವಿಲ್ಲದೆ, ಅದೂ ಕೀಟನಾಶಕ ಹೊಡೆದ ಗಿಡಗಳ ನಡುವೆ. ಯಂತ್ರಕ್ಕೆ ಈ ಕೆಲಸ ಇನ್ನೂ ಒಗ್ಗಿಲ್ಲ. ಬೀಜ ಬೆಳೆಗಾರನ ಖರ್ಚಿನಲ್ಲಿ ದೊಡ್ಡ ಪಾಲು ಕ್ರಾಸಿಂಗ್ ಕೂಲಿಗೇ ಹೋಗುತ್ತದೆ. ಮಕ್ಕಳ ಬೆರಳು ಸಣ್ಣ, ಚುರುಕು ಎಂಬ ಮಾತು ಈ ಹೊಲಗಳಲ್ಲಿ ಸಾಮಾನ್ಯ. ಆದರೆ ಅದೇ ಹೊಲದಲ್ಲಿ ದೊಡ್ಡ ಹೆಂಗಸರೂ ಕ್ರಾಸಿಂಗ್ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಮಗುವಿನ ಕೂಲಿ ಕಡಿಮೆ. ಮನೆಗೆ ಮೊದಲೇ ಮುಂಗಡ ಕೊಟ್ಟುಬಿಟ್ಟರೆ ಹಂಗಾಮು ಮುಗಿಯುವ ತನಕ ಅದು ಕದಲುವುದಿಲ್ಲ. ಬೆರಳಿನ ಮಾತೆಲ್ಲ ಈ ಲೆಕ್ಕಕ್ಕೆ ಹೊದಿಸಿದ ಮುಸುಕು.

ವಿಚಿತ್ರವೆಂದರೆ, ಇಷ್ಟೆಲ್ಲ ಕೈಕೆಲಸ ಹತ್ತಿಗೆ ಅನಿವಾರ್ಯವೇನಲ್ಲ. ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್‌ಗಳಲ್ಲಿ ಬಿ.ಟಿ. ಗುಣವನ್ನು ಸಾಮಾನ್ಯ ತಳಿಗೇ ಸೇರಿಸಿ ಬಿತ್ತುತ್ತಾರೆ. ಹತ್ತಿ ಭೂಮಿಯ ಬಹುಪಾಲನ್ನು ಸಂಕರ ಬೀಜಕ್ಕೆ ಒಪ್ಪಿಸಿರುವುದು ನಾವು. ಸಂಕರ ಹತ್ತಿಯ ಬಗ್ಗೆ ನಮಗೆ ಹೆಮ್ಮೆಗೂ ಕಾರಣವುಂಟು: 1970ರಲ್ಲಿ ಸೂರತ್‌ನಲ್ಲಿ ಎಚ್-4, ಎರಡೇ ವರ್ಷಕ್ಕೆ ಧಾರವಾಡದಲ್ಲಿ ವರಲಕ್ಷ್ಮಿ. ಅವು ಸರ್ಕಾರಿ ಸಂಶೋಧನೆಯ ಫಲ. ಕಂಪನಿಗಳಿಗೆ ಸಂಕರ ತಳಿ ಹಿಡಿಸಿದ್ದಕ್ಕೆ ಬೇರೆಯೇ ಒಂದು ಕಾರಣವಿದೆ. ಅದರ ಬೀಜವನ್ನು ರೈತ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬಾರದು, ವರ್ಷ ವರ್ಷವೂ ಅಂಗಡಿಗೇ ಹೋಗಬೇಕು. ಹಾಗಾಗಿ ಕ್ರಾಸಿಂಗ್ ಕೂಲಿಯ ಭಾರ ಬಡತನದಿಂದಷ್ಟೇ ಹುಟ್ಟಿದ್ದಲ್ಲ. ಯಾವ ಸರಕು ಮಾರಬೇಕೆಂದು ಕಂಪನಿ ತೀರ್ಮಾನಿಸಿದ ದಿನವೇ ಆ ಭಾರ ಯಾರದೋ ಹೆಗಲಿಗೆ ಬಿದ್ದಾಗಿತ್ತು. ಕಂಪನಿಯ ಮಾನವ ಹಕ್ಕು ಹೊಣೆಯನ್ನು ಅಳೆಯುವುದಾದರೆ ಇಲ್ಲಿಂದ, ಅಂದರೆ ಸರಕಿನ ಆಯ್ಕೆ ಮತ್ತು ಖರೀದಿ ದರದಿಂದ ಅಳೆಯಬೇಕು.

‘ಮಕ್ಕಳನ್ನು ನಾವು ಕೆಲಸಕ್ಕೆ ಇಟ್ಟುಕೊಂಡಿಲ್ಲ, ಇಟ್ಟುಕೊಂಡವನು ರೈತ’ ಎಂಬುದು ಕಂಪನಿಗಳ ಮೊದಲ ವಾದ. ಕಾಗದದ ಮೇಲೆ ಅದು ನಿಜ. ಆದರೆ ಮೂಲ ಬೀಜ ಕೊಡುವುದು ಕಂಪನಿ, ದರ ನಿಗದಿ ಮಾಡುವುದು ಕಂಪನಿ, ಮಧ್ಯದ ಆರ್ಗನೈಸರ್ ಮೂಲಕ ಮುಂಗಡ ಹರಿಸುವುದು ಕಂಪನಿ. ತಳಿ ಶುದ್ಧತೆ ಕೆಡದಿರಲೆಂದು ಅದರ ಸಿಬ್ಬಂದಿ ಹಂಗಾಮಿನುದ್ದಕ್ಕೂ ಹೊಲ ಸುತ್ತುತ್ತಾರೆ. ಪರೀಕ್ಷೆಯಲ್ಲಿ ಸೋತ ಬೀಜದ ನಷ್ಟ ರೈತನಿಗೆ. ಸಾಲಿನ ನಡುವಿನ ಒಂದು ಬೆರಕೆ ಗಿಡ ಕಾಣುವ ಕಣ್ಣಿಗೆ ಅದೇ ಸಾಲಿನಲ್ಲಿ ನಿಂತ ಹನ್ನೊಂದು ವರ್ಷದ ಹುಡುಗಿ ಕಾಣಲಿಲ್ಲ ಎಂದರೆ ನಂಬುವುದು ಕಷ್ಟ. 2011ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಜಾನ್ ರಗ್ಗಿ ರೂಪಿಸಿದ ಮಾರ್ಗದರ್ಶಿ ತತ್ವಗಳು ಹೇಳುವುದೂ ಇದನ್ನೇ: ವ್ಯಾಪಾರ ಸಂಬಂಧದ ಮೂಲಕ ತನ್ನ ಸರಕಿಗೆ ನೇರವಾಗಿ ಅಂಟಿದ ಹಾನಿಯನ್ನು ತಡೆಯಲು ಯತ್ನಿಸುವುದೂ ಕಂಪನಿಯ ಹೊಣೆಯೇ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಹೊಲದ ಮಕ್ಕಳ ವಿಚಾರವಾಗಿ ಬೇಯರ್ ಕಂಪನಿಯ ವಿರುದ್ಧ 2004ರಲ್ಲಿ ಜರ್ಮನಿಯಲ್ಲಿ ದೂರು ದಾಖಲಾಯಿತು. ಅದೇ ಆಸುಪಾಸಿನಲ್ಲಿ, ಮಕ್ಕಳನ್ನು ಇಟ್ಟುಕೊಳ್ಳದ ಬೆಳೆಗಾರರಿಗೆ ಖರೀದಿ ದರದ ಮೇಲೆ ಶೇ 5ರಷ್ಟು ಬೋನಸ್ ಕೊಡುವ ಯೋಜನೆ ಬಂತು. ನಿಗಾ ಇಟ್ಟ ಹೊಲಗಳಲ್ಲಿ 14ರೊಳಗಿನ ಮಕ್ಕಳು ಕಡಿಮೆಯಾದರು. ಆದರೆ ಮೂಲ ದರವೇ ದೊಡ್ಡವರ ಕೂಲಿಗೆ ಸಾಲದಿದ್ದಾಗ ಬೋನಸ್ ಎಷ್ಟು ದೂರ ಹೋದೀತು?

ಎರಡನೆಯ ವಾದಕ್ಕೆ ತೂಕ ಹೆಚ್ಚು. ಸರ್ಕಾರವೇ 2015ರ ಆದೇಶದಡಿ ಹತ್ತಿ ಬೀಜದ ಬೆಲೆಗೆ ಕಡಿವಾಣ ಹಾಕಿದೆ, 2016ರಲ್ಲಿ ಪ್ಯಾಕೆಟ್ಟಿಗೆ 800 ರೂಪಾಯಿ ಇದ್ದದ್ದನ್ನು 2018ರಲ್ಲಿ 740ಕ್ಕೆ ಇಳಿಸಿತು, ಇನ್ನು ಬೆಳೆಗಾರನಿಗೆ ಹೆಚ್ಚು ಕೊಡುವುದು ಎಲ್ಲಿಂದ ಎಂದು ಉದ್ಯಮ ಆಗ ಕೇಳುತ್ತಿತ್ತು. ಹತ್ತಿ ರೈತನನ್ನು ಕಾಯುವ ಆದೇಶ ಬೀಜ ರೈತನನ್ನು ಮರೆತದ್ದು ನಿಜ. ಆದರೆ ಈ ಕಡಿವಾಣಗಳಿಗೆ ಮುನ್ನ, 2006ರವರೆಗೆ, ಪ್ಯಾಕೆಟ್ 1,600 ರೂಪಾಯಿಗೂ ಮೇಲೆ ಮಾರಾಟವಾಗುತ್ತಿದ್ದಾಗಲೂ ಹೊಲದಲ್ಲಿ ಮಕ್ಕಳೇ ಇದ್ದರು. ಆಗ ರಾಯಧನಕ್ಕೆ ದೊರೆತ ಜಾಗ ಕೂಲಿಗೆ ದೊರೆತಿರಲಿಲ್ಲ.

ನಮ್ಮ ಕಾನೂನಿನ ಚಮತ್ಕಾರವನ್ನೂ ಗಮನಿಸಬೇಕು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಜವಾಬ್ದಾರಿಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ತಮ್ಮ ಎಂದಿನ ವ್ಯವಹಾರದ ಖರ್ಚನ್ನು ಅದರಲ್ಲಿ ತೋರಿಸುವಂತಿಲ್ಲ. ಅಂದರೆ ಊರಿಗೊಂದು ಶಾಲಾ ಕೊಠಡಿ ಕಟ್ಟಿಸಿದರೆ ಜವಾಬ್ದಾರಿ. ಆ ಶಾಲೆಗೆ ಮಕ್ಕಳು ಬರುವಂತೆ ಬೀಜದ ದರ ಏರಿಸಿದರೆ ಬರೀ ವ್ಯಾಪಾರ. ಷೇರುಪೇಟೆಯ ನಿಯಂತ್ರಕ ಸೆಬಿ ಬಯಸುವ ವರದಿಯಲ್ಲಿ ಮಾನವ ಹಕ್ಕಿನ ಅಧ್ಯಾಯವೇನೋ ಇದೆ. ಆದರೆ ಪೂರೈಕೆದಾರರ ವಿಚಾರಕ್ಕೆ ಬಂದರೆ, ಖರೀದಿಯಲ್ಲಿ ಶೇ 2 ಅಥವಾ ಹೆಚ್ಚು ಪಾಲಿರುವವರದ್ದಷ್ಟೇ ಲೆಕ್ಕ, ಅದೂ ಸ್ವಇಚ್ಛೆಯಿಂದ. ಅರ್ಧ ಎಕರೆಯ ಬೆಳೆಗಾರ ಆ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ಇತ್ತ 2016ರ ಬಾಲಕಾರ್ಮಿಕ ತಿದ್ದುಪಡಿ, ಶಾಲೆಯ ಸಮಯ ಬಿಟ್ಟು ಮನೆಯವರ ಕಸುಬಿಗೆ ನೆರವಾಗಲು ಮಕ್ಕಳಿಗೆ ಅವಕಾಶ ಕೊಟ್ಟಿದೆ. ಮನೆಯವರದೇ ಹೊಲದಲ್ಲಿ ಮೊಗ್ಗು ಸುಲಿಯುವುದು ಸಂಜೆಯಾದರೆ ಕಾನೂನಿಗೂ ತಕರಾರಿಲ್ಲ.

ಆದ್ದರಿಂದ ಬೀಜ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ, ಯೂನಿಫಾರಂ ತೊಟ್ಟು ನಗುವ ಮಕ್ಕಳ ಚಿತ್ರಗಳನ್ನು ದಾಟಿ ಮುಂದೆ ಹೋಗಿ. ಬೀಜ ಬೆಳೆದವನಿಗೆ ಕಿಲೋಗೆ ಎಷ್ಟು ಕೊಟ್ಟರು, ಆ ದರದಲ್ಲಿ ದೊಡ್ಡವರ ಕನಿಷ್ಠ ಕೂಲಿ ಗಿಟ್ಟುತ್ತದೆಯೇ ಎಂಬುದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ, ನೀವು ಆ ಕಂಪನಿಯ ಷೇರುದಾರರಾಗಿದ್ದಲ್ಲಿ, ಮುಂದಿನ ಸಭೆಯಲ್ಲಿ ಕೇಳಿ.