ಒಂದೇ ಓವನ್: ಮೇಲೆ ಕಂದು, ಒಳಗೆ ಮೆತ್ತಗೆ

ಇಟಲಿಯ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಮಾಂಸ ತಿನ್ನೋದಿಲ್ಲ. ನೆಂಟರು ಕೂಡಿದಾಗ ಪಾಲಕ್ ಸೊಪ್ಪಿನ ಲಸಾನ್ಯಾ ಮಾಡಬಹುದು. ಹಾಳೆಯಂಥ ಪಾಸ್ತಾ, ಸೊಪ್ಪು, ಬಿಳಿ ಸಾಸು, ಚೀಸ್ ಪದರಪದರವಾಗಿ ಇಟ್ಟು ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಬೇಯಿಸುತ್ತಾರೆ. ಒಣ ಪಾಸ್ತಾ ಆಗುವುದು ಡ್ಯೂರಂ ಗೋಧಿಯಿಂದ. ನಮ್ಮ ಬನ್ಸಿ ರವೆಯೂ ಅದೇ ಜಾತಿ!

ಓವನ್ 180 ಡಿಗ್ರಿ ಇದ್ದರೂ ಒಳಗೆ ಯಾಕೆ ಸೀಯುವುದಿಲ್ಲ? ಒಳಗೆ ನೀರಿದೆ ನೋಡಿ. ನೀರು ಇರುವ ತನಕ ಅಲ್ಲಿನ ಉಷ್ಣತೆ ಸುಮಾರು 100 ಡಿಗ್ರಿ ದಾಟುವುದಿಲ್ಲ. ಬಂದ ಶಾಖ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಬೇಯಲು ಅಷ್ಟು ಧಾರಾಳ. ಗೋಧಿಯ ಪಿಷ್ಟದ ಕಣಗಳು 60–70 ಡಿಗ್ರಿಯಲ್ಲೇ ನೀರು ಹೀರಿ ಉಬ್ಬುತ್ತವೆ. ಪಾಸ್ತಾ ಮೆತ್ತಗಾಗೋದೂ, ಮೈದಾ-ಹಾಲಿನ ಬಿಳಿ ಸಾಸು ದಪ್ಪಗಾಗೋದೂ ಹೀಗೇ.

ಮೇಲ್ಪದರದ ಕಥೆ ಬೇರೆ. ಅಲ್ಲಿ ನೀರು ಆರಿ, ಉಷ್ಣತೆ 140 ದಾಟುತ್ತದೆ. ಆಗ ಪ್ರೋಟೀನು, ಸಕ್ಕರೆ ಒಂದರೊಡನೊಂದು ವರ್ತಿಸಿ ಕಂದುಬಣ್ಣ, ಘಮ ಬರುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ಹೆಸರಿನಿಂದ ಇದು ಮಯಾರ್ ಕ್ರಿಯೆ. ಚಪಾತಿಯ ಮೇಲಿನ ಕಂದು ಚುಕ್ಕೆಗಳಲ್ಲೂ ಇದರ ಕೈವಾಡವಿದೆ.

ಓವನ್‌ನಿಂದ ತೆಗೆದ ಕೂಡಲೇ ಕೊಯ್ದರೆ ಪದರಗಳು ಜಾರುತ್ತವೆ. 10–15 ನಿಮಿಷ ಬಿಟ್ಟರೆ ಸಾಸು ತಣಿದು ಬಿಗಿಯಾಗಿ, ತುಂಡು ನೆಟ್ಟಗೆ ನಿಲ್ಲುತ್ತದೆ. ಹಸಿದವರಿಗೆ ಮಾತ್ರ ಆ ಹತ್ತು ನಿಮಿಷ ಬಹಳ ಉದ್ದ!